ಕಾಫಿ ಹೂವಿನ ಸರಣಿ: ಏಳನೇ ಚಿತ್ರದ ಕಥೆ

ಫೆಬ್ರವರಿ ಕೊನೆ

ಈ ಸಲ ಕಾಫಿ ಮೊಗ್ಗು ಅರಳಿಸೋ ಹೂಮಳೆ ಕೈಕೊಟ್ಟಿತು. ನಮ್ಮ ಮೂಡಿಗೆರೆ ಕಡೆ ಸಂಜೆ ಮೋಡ ಕಟ್ಟಿದ್ದೇ ಬಂತು, ಹನಿ ಬೀಳಲಿಲ್ಲ. ಕಾದು ಕಾದು ಅಪ್ಪ ಕೆರೆಗೆ ಮೋಟರ್ ಇಳಿಸಿ, ಕೆಳಗಿನ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿಸಿದರು. ಒಂದು ಪಟ್ಟೆಗೆ ಇಂಚು ಮಳೆ ಬಿದ್ದಷ್ಟು ನೀರು ಕೊಟ್ಟು, ಜೆಟ್ ಕಿತ್ತು ಮುಂದಿನ ಪಟ್ಟೆಗೆ. ನೀರು ಕುಡಿದ ಮೊಗ್ಗು ವಾರ, ಹತ್ತು ದಿನದಲ್ಲಿ ಅರಳುತ್ತೆ. ಅರಳಿದ್ದು ಎರಡು ಮೂರು ದಿನಕ್ಕೆ ಕಂದುತ್ತೆ. ಹನ್ನೆರಡು ಚಿತ್ರದ ನನ್ನ ಸರಣಿಗೆ ವರ್ಷಕ್ಕೆ ಸಿಗೋ ಸಮಯ ಅಷ್ಟೇ.

ಎಂಟನೇ ದಿನ ಬೆಳಗ್ಗೆ ಕಿಟಕಿ ತೆಗೆಯುವಾಗಲೇ ಘಮ ಬಂತು. ಆರೂವರೆಗೆ ತೋಟದಲ್ಲಿದ್ದೆ. ಮಂಜು ಇನ್ನೂ ಸಿಲ್ವರ್ ಓಕ್ ಬುಡ ಬಿಟ್ಟು ಎದ್ದಿರಲಿಲ್ಲ. ಅದರೊಳಗೆ ಗಿಡದ ಸಾಲು ಸಾಲೇ ಬೆಳ್ಳಗೆ. ಒಂದೇ ಸಮ ಇನ್ನೂರು ಫೋಟೋ ತೆಗೆದೆ.

ಮನೆಗೆ ಬಂದು ತೆರೆದು ನೋಡಿದರೆ ಅಷ್ಟೂ ಬೂದಿ ಮೆತ್ತಿದ ಹಾಗೆ.

ಕ್ಯಾಮೆರಾದಲ್ಲಿ ಬೆಳಕು ಅಳೆಯೋ ಮೀಟರಿಗೆ ಎದುರಿಗಿರೋದು ಹೂವೋ, ಸುಣ್ಣ ಬಳಿದ ಗೋಡೆಯೋ ಗೊತ್ತಾಗಲ್ಲ. ಎಲ್ಲವನ್ನೂ ನಡುಬೂದು ಅಂದುಕೊಂಡೇ ಅಳೆಯುತ್ತೆ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಕಪ್ಪಿನಿಂದ ಬಿಳಿಗೆ ಸೊನ್ನೆಯಿಂದ ಹತ್ತರ ತನಕ ಹಾಕಿದ ಝೋನ್ ಲೆಕ್ಕದಲ್ಲಿ ಹೇಳೋದಾದರೆ, ಎಂಟನೇ ಝೋನಿನಲ್ಲಿ ಕೂರಬೇಕಾದ ಬಿಳಿಯನ್ನು ಐದರ ಕಡೆಗೆ ಎಳೆದಿತ್ತು. ಇಷ್ಟು ವರ್ಷದಿಂದ ಗೊತ್ತಿರೋ ವಿಷಯ, ಹೂವು ಕಂಡ ಖುಷಿಗೆ ಮರೆತೆ. ಮಾರನೇ ದಿನ +1.3 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ಕೊಟ್ಟು ಮತ್ತೆ ತೆಗೆದೆ. ಸರಣಿಗೆ ಉಳಿದದ್ದೆಲ್ಲ ಆ ಎರಡನೇ ದಿನದ್ದೇ.

ಮಾರ್ಚ್ ಮೊದಲ ವಾರ

ಎಡಿಟಿಂಗ್ ಎಲ್ಲ ಫೋಟೋ ತಿದ್ದೋ ತಂತ್ರಾಂಶ ಡಾರ್ಕ್‌ಟೇಬಲ್‌ನಲ್ಲಿ. ದುಡ್ಡು ಕೊಡಬೇಕಿಲ್ಲ, ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಕುಂಟುತ್ತಾ ಓಡುತ್ತೆ. ನನ್ನ ಕ್ಯಾಮೆರಾದ ರಾ ಫೈಲು, ಅಂದರೆ ಸೆನ್ಸರ್ ಕಂಡದ್ದನ್ನು ಹಾಗೇ ಇಡೋ ಫೈಲು, 14 ಬಿಟ್, ಅಂದರೆ ಕಪ್ಪಿನಿಂದ ಬಿಳಿಗೆ 16,384 ಮೆಟ್ಟಿಲು. ಜೆಪೆಗ್‌ನಲ್ಲಿ 256. ಎಸಳಿನ ಬಿಳಿ ಮೇಲೆ ಇನ್ನೂ ಬಿಳಿಯಾದ ಒಂದು ಏಣು ಇರುತ್ತಲ್ಲ, ಅದನ್ನು ಎಬ್ಬಿಸಬೇಕಾದರೆ ಇಷ್ಟು ಮೆಟ್ಟಿಲು ಬೇಕೇ ಬೇಕು.

ಬಿಳಿಗಿಂತ ಹೆಚ್ಚು ಕಾಡಿದ್ದು ಹಸಿರು. ಮೇಲೆ ನೆರಳಿನ ಹಾಲುವಾಣ ಮರ, ಸುತ್ತ ಕಾಫಿ ಎಲೆ. ಹೂವಿನ ತನಕ ಬರೋದು ಎಲೆ ಸೋಸಿ ಬಿಟ್ಟ ಬೆಳಕು. ಅಲ್ಲಿ ನಿಂತಾಗ ನಮ್ಮ ಕಣ್ಣು ತಾನೇ ತಿದ್ದಿಕೊಂಡುಬಿಡುತ್ತೆ, ಹೂವು ಬಿಳಿಯಾಗೇ ಕಾಣುತ್ತೆ. ಸೆನ್ಸರಿಗೆ ಆ ದಾಕ್ಷಿಣ್ಯ ಇಲ್ಲ. ಬಣ್ಣದ ಛಾಯೆ ತಿದ್ದೋ ವೈಟ್ ಬ್ಯಾಲೆನ್ಸನ್ನು 6,000 ಕೆಲ್ವಿನ್ ದಾಟಿಸಿ, ಟಿಂಟನ್ನು ಮೆಜೆಂಟಾ ಕಡೆ ತಳ್ಳಿದೆ. ಹಸಿರು ಪೂರ್ತಿ ಹೋಯಿತು, ಆದರೆ ಮದುವೆ ಮಂಟಪಕ್ಕೆ ಹತ್ತಿ ಅಂಟಿಸಿದ ಹಾಗಾಯಿತು. ಕೊನೆಗೆ ಕೈಯಲ್ಲೇ ಮಾಸ್ಕ್ ಬರೆದು, ಮೇಲಿನ ಎಸಳಿಗಷ್ಟೇ ಶುದ್ಧ ಬಿಳಿ ಕೊಟ್ಟೆ. ಎಲೆ ಕಂಕುಳಲ್ಲಿ ಅಡಗಿದ ಗೊಂಚಲುಗಳಿಗೆ ಒಂದಿಷ್ಟು ಹಸಿರು ಬಿಟ್ಟೆ. ಇದಕ್ಕೇ ಎರಡು ರಾತ್ರಿ ಹೋಯಿತು.

ಮಂಜು ತೆಗೆಯೋ ಸ್ಲೈಡರನ್ನೂ ಒಮ್ಮೆ ಎಳೆದು ನೋಡಿದೆ. ಆರೂವರೆಯ ಬೆಳಗು ಹನ್ನೊಂದು ಗಂಟೆ ಆಗಿಹೋಯಿತು. ತಕ್ಷಣ ಸೊನ್ನೆಗೆ ತಂದೆ.

ಏಳನೇ ಚಿತ್ರದಲ್ಲಿ ಮಾತ್ರ ಇನ್ನೊಂದು ಕೆಲಸ ಇತ್ತು. ಎಡಮೂಲೆಯಿಂದ ಅಡ್ಡಡ್ಡ ಒಂದು ಅಲ್ಯೂಮಿನಿಯಂ ಪೈಪ್, ಮೇಲಿನ ಪಟ್ಟೆಗೆ ನೀರು ಹೋಗೋದು. ಬೆಳ್ಳಿ ಥರ ಹೊಳೆದು ಕಣ್ಣನ್ನೆಲ್ಲ ಅದೇ ಎಳೆಯುತ್ತಿತ್ತು. ರಿಟಚ್‌ನಲ್ಲಿ ಅಳಿಸಿ, ಪಕ್ಕದ ತರಗೆಲೆ ತಂದು ತುಂಬಿದೆ. ಎಷ್ಟು ಚೆನ್ನಾಗಿ ಕೂತಿತು ಅಂದರೆ, ಎಲ್ಲಿತ್ತು ಅಂತ ನನಗೇ ಹುಡುಕಬೇಕಾಯಿತು. ಸರಣಿಗೆ ಇದೇ ಮುಖಪುಟ ಅಂದುಕೊಂಡೆ.

ಮಾರ್ಚ್ ಎರಡನೇ ವಾರ

ಪೇಟೆಯ ಲ್ಯಾಬೊಂದರಲ್ಲಿ ಪರೀಕ್ಷೆಗೆ ನಾಲ್ಕು ಪ್ರಿಂಟ್ ಹಾಕಿಸಿದೆ. ಆಟೋ ಕರೆಕ್ಷನ್ ಬೇಡ ಅಂತ ಚೀಟಿ ಅಂಟಿಸಿ ಕೊಟ್ಟರೂ ಮಾಡಿಯೇ ಕಳಿಸಿದರು. ಮಂಜೆಲ್ಲ ಸುಟ್ಟ ಬಿಳಿ. ಎರಡನೇ ಸಲ ಮೆಷಿನ್ ಪಕ್ಕದಲ್ಲೇ ನಿಂತು ಹಾಕಿಸಿಕೊಂಡೆ. ಮ್ಯಾಟ್ ಕಾಗದದ ಮೇಲೆ ಪರದೆಯಲ್ಲಿ ಕಂಡದ್ದಕ್ಕಿಂತ ಸ್ವಲ್ಪ ಮಬ್ಬು, ಅಷ್ಟು ಇರೋದೇ.

ಅಪ್ಪ ಏಳನೇ ಚಿತ್ರ ಕೈಗೆ ತಗೊಂಡು ಬೆಳಕಿಗೆ ಹಿಡಿದರು.

"ಪೈಪ್ ಎಲ್ಲೋಯ್ತು?"

"ಚೆನ್ನಾಗಿ ಕಾಣ್ಲಿ ಅಂತ ತೆಗ್ದೆ."

"ಪೈಪ್ ಇಲ್ದೆ ಈ ವರ್ಷ ಹೂವೆಲ್ಲಿತ್ತು ಮಾರಾಯ?"

ನಗ್ತಾನೇ ಹೇಳಿದ್ದು. ರಾತ್ರಿ ಮಾತ್ರ ಅದೇ ತಲೆಯಲ್ಲಿ ಸುತ್ತಿತು. ಹಸಿರು ತೆಗೆದದ್ದು ನನ್ನ ಕಣ್ಣಿಗೆ ಅದು ಕಂಡಿರಲಿಲ್ಲ ಅಂತ. ಪೈಪ್ ಹಾಗಲ್ಲ, ಕಂಡಿದ್ದೆ. ಕಂಡದ್ದೇನು, ಅವತ್ತು ದಾಟುವಾಗ ಎಡವಿದ್ದೆ. ಅಂತರರಾಷ್ಟ್ರೀಯ ಫೋಟೋ ಸಂಘಗಳ ಒಕ್ಕೂಟ ಫಿಯಾಪ್‌ನ ನೇಚರ್ ವಿಭಾಗದ ಸ್ಪರ್ಧೆಗಳಲ್ಲಿ ಕ್ರಾಪ್ ಮಾಡಬಹುದು, ಇದ್ದದ್ದನ್ನು ಅಳಿಸುವ ಹಾಗಿಲ್ಲ. ಆ ನಿಯಮ ಓದಿ ಮಡಿವಂತಿಕೆ ಅಂತ ಗೆಳೆಯರ ಹತ್ತಿರ ಆಡಿಕೊಂಡವನು ನಾನು. ಹಾಗಂತ ಪೂರಾ ಅವರ ಪಕ್ಷವೂ ಅಲ್ಲ. ಆಡಮ್ಸ್ 1941ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಊರಿನ ಮೇಲೆ ಮೂಡಿದ ಚಂದ್ರನ ಚಿತ್ರ ತೆಗೆದು, ಮುಂದೆ ಪ್ರಿಂಟ್ ಹಾಕುತ್ತಾ ಹಾಕುತ್ತಾ ಆಕಾಶವನ್ನು ಕಪ್ಪು ಮಾಡುತ್ತಲೇ ಹೋದರು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕೆಳಗಿದ್ದ ಊರನ್ನು ಅವರೇನೂ ಅಳಿಸಲಿಲ್ಲವಲ್ಲ.

ಡಾರ್ಕ್‌ಟೇಬಲ್ ಮೂಲ ಫೈಲನ್ನು ಮುಟ್ಟಲ್ಲ, ತಿದ್ದಿದ ಲೆಕ್ಕವನ್ನೆಲ್ಲ ಪಕ್ಕದಲ್ಲಿ ಬೇರೆ ಬರೆದಿಡುತ್ತೆ. ಒಂದು ಗುಂಡಿ ಒತ್ತಿದೆ, ಪೈಪ್ ವಾಪಸ್ ಬಂತು. ಹೊಳಪು ಕಣ್ಣಿಗೆ ಚುಚ್ಚುತ್ತಿತ್ತು, ಅದರ ಮೇಲೆ ಮಾಸ್ಕ್ ಹಾಕಿ ಮುಕ್ಕಾಲು ಸ್ಟಾಪ್ ಇಳಿಸಿದೆ. ಈಗ ಮೊದಲು ಹೂವು ಕಾಣುತ್ತೆ, ಆಮೇಲೆ ಪೈಪ್.

ನಿನ್ನೆ ಹೊಸ ಪ್ರಿಂಟ್ ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನಾನು ಇಬ್ಬನಿ ಅಂದುಕೊಂಡಿದ್ದ ಒಂದು ಹೊಳೆಯೋ ಚುಕ್ಕೆಯ ಮೇಲೆ ಉಗುರಿಟ್ಟರು.

"ಇಲ್ಲಿ ಜಾಯಿಂಟ್ ಲೀಕ್ ಆಗ್ತಿದೆ ನೋಡು. ಅರಳಿದ ಹೂವಿನ ಮೇಲೆ ನೀರು ಸಿಡಿದ್ರೆ ಕಾಯಿ ಕಚ್ಚುತ್ತಾ?"

ಬ್ಯಾಕಿಂಗ್ ನೀರು, ಅಂದರೆ ಹೂವಾದ ಮೇಲೆ ಕೊಡೋ ಎರಡನೇ ಸುತ್ತಿನ ನೀರು, ಬಿಡೋ ಮುಂಚೆ ವಾಷರ್ ಬದಲಾಯಿಸಬೇಕು. ಮಧ್ಯಾಹ್ನ ಪೇಟೆಗೆ ಹೋಗುವಾಗ ತರೋಕೆ ನನಗೇ ಹೇಳಿದ್ದಾರೆ. ಎಂಟನೇ ಚಿತ್ರ ಇನ್ನೂ ತೆರೆದಿಲ್ಲ.