ಪುಟ್ಟಿ ಯಾವ ನಂಬರಿನ್ಯಾಗ ಬರ್ತೈತ್ರಿ ಸಾಹೇಬ್ರ?

ನಾನು ಬೆಳಗಾವಿ ಉದ್ಯಮಬಾಗದಾಗ ಒಂದು ಸಣ್ಣ ಫೌಂಡ್ರಿಯೊಳಗ, ಅಂದ್ರ ಬೀಡು (ಎರಕದ ಕಬ್ಬಿಣ) ಕರಗಿಸಿ ಅಚ್ಚಿಗೆ ಸುರುವೂ ಕಾರ್ಖಾನಿಯೊಳಗ, ಶಿಫ್ಟ್ ಇನ್‌ಚಾರ್ಜ್. ಅರವತ್ತು ಮಂದಿ ಇರಬಹುದು ನಾವು. ಎರಡು ವರ್ಷದ ಹಿಂದ ನಮ್ಮ ಮಾಲಕರು ಯಾವುದೋ ಟ್ರೇನಿಂಗಿಗೆ ಹೋಗಿ ಬಂದವರು ನಮಗೂ ವ್ಯಾಲ್ಯೂಸ್ ಬೇಕು ಅಂದ್ರು, ಅಂದವರು ಒಂದು ದೊಡ್ಡ ಬೋರ್ಡ್ ಮಾಡ್ಸಿದ್ರು. ಒಂದು ಪ್ರಾಮಾಣಿಕತೆ, ಎರಡು ಗುಣಮಟ್ಟ, ಮೂರು ಸುರಕ್ಷತೆ, ನಾಲ್ಕು ಪರಸ್ಪರ ಗೌರವ, ಐದು ಒಗ್ಗಟ್ಟು. ನಮ್ಮಲ್ಲಿ ಕನ್ನಡದವರು, ಮರಾಠಿಯವರು, ಬಿಹಾರದ ಹುಡುಗ್ರು ಎಲ್ಲಾರೂ ಅದಾರ, ಅದಕ್ಕ ಮೂರೂ ಭಾಷಾದಾಗ ಬರಸೋಣು ಅಂತ ಆತು. ಬೆಳಗಾವಿ ಅಂದಮ್ಯಾಲ ಕೇಳಬೇಕೇನ್ರಿ, ಯಾವ ಭಾಷಾ ಮ್ಯಾಲ ಯಾವುದು ಕೆಳಗ ಅನ್ನೂದಕ್ಕ ಎರಡು ದಿನ ಹೋತು. ಒಗ್ಗಟ್ಟಿನ ಬೋರ್ಡಿಗೇ.

ಅದರ ಬಾಜೂಕ ಬಸವಣ್ಣನ ಫೋಟೋ, ಕೆಳಗ ಕಾಯಕವೇ ಕೈಲಾಸ. ಖರೇ ಹೇಳಬೇಕಂದ್ರ ಆ ಮಾತು ಬರೂದು ಆಯ್ದಕ್ಕಿ ಮಾರಯ್ಯನ ವಚನದಾಗ, ಎಲ್ಲಾರೂ ಬಸವಣ್ಣನ ಹೆಸರಿಗೆ ಹಚ್ಚತಾರ. ಬಸವ ಜಯಂತಿ ದಿನ ನಾನ ಇದನ್ನ ಭಾಳ ಠೀವಿಲೆ ಹೇಳಿದ್ದೆ. ಮಾರಯ್ಯ ಒಂದಿನ ದಿನಾ ತರೂದಕಿಂತ ಹೆಚ್ಚು ಅಕ್ಕಿ ಆಯ್ಕೊಂಡು ಬಂದಾಗ ಹೆಂಡತಿ ಲಕ್ಕಮ್ಮ, ಈಸಕ್ಕಿ ಆಸೆ ನಿಮಗ್ಯಾಕ, ಹೋಗಿ ಅಲ್ಲೇ ಸುರುವಿ ಬರ್ರಿ ಅಂದಳಂತ ಅಂತ ಕತಿ ಹೇಳಿ ಚಪ್ಪಾಳೆನೂ ಹೊಡಿಸಿಕೊಂಡಿದ್ದೆ.

ಆಮ್ಯಾಲ ಜುಲೈ ಬಂತು. ಇಲ್ಲಿ ಮಳಿ ಹಿಡೀತಂದ್ರ ವಾರಗಟ್ಟಲೆ ಜಿಟಿಜಿಟಿ. ಫೌಂಡ್ರಿಗೆ ಅದು ದೊಡ್ಡ ತ್ರಾಸು, ಯಾಕಂದ್ರ ಮೋಲ್ಡ್ (ಅಚ್ಚು) ಮಾಡು ಉಸುಕಿನ್ಯಾಗ ಬೆಂಟೊನೈಟ್ ಅನ್ನೂ ಅಂಟು ಮಣ್ಣು, ಕಲ್ಲಿದ್ದಲ ಪುಡಿ, ನೀರು ಲೆಕ್ಕದ್ಹಂಗ ಇರಬೇಕು, ನೀರು ನೂರಕ್ಕ ಮೂರ್ನಾಲ್ಕು ಭಾಗ ಇದ್ರ ಛಲೋ, ಅದಕ್ಕಿಂತ ಹಸಿ ಆತಂದ್ರ ಸುಮಾರು 1400 ಡಿಗ್ರಿ ಕಾದ ಬೀಡು ಸುರುವಿದ ಕೂಡ್ಲೆ ಆ ನೀರು ಹಬಿ ಆಗಿ ಬೀಡಿನೊಳಗ ಸಿಕ್ಕೊಂಡು ತೂತು ಬೀಳ್ತಾವು. ಬ್ಲೋ ಹೋಲ್ ಅಂತೀವಿ. ಕೆಟ್ಟದ್ದೇನಂದ್ರ ಎಷ್ಟೋ ಸಲ ಅವು ಮ್ಯಾಲ ಕಾಣೂದಿಲ್ಲ, ಮಶಿನಿಂಗ್ ಮಾಡಿ ಮ್ಯಾಲಿನ ಪದರ ಕೆತ್ತಿ ತಗದಾಗ ಬಾಯಿ ತೆರೀತಾವು.

ಆವತ್ತೂ ಹಂಗ ಆತು. ಕೊಲ್ಲಾಪುರದ ಪಾರ್ಟಿಗೆ ಹೋಗೂ 42 ಪಂಪ್ ಬಾಡಿ, ತಿಂಗಳ ಕಡೀ ದಿನ, ಗಾಡಿ ಗೇಟಿಗೆ ಬಂದು ನಿಂತೈತಿ, ಡ್ರೈವರ್ ತಾಸಿಗೊಮ್ಮೆ ಬಂದು ಎಷ್ಟೊತ್ತರಿ ಅಂತ ಕೇಳಾಕತ್ತಾನ, ಮಶಿನ್ ಶಾಪಿನಿಂದ ಸುದ್ದಿ ಬಂತು ಒಂಬತ್ತು ಪೀಸಿನ್ಯಾಗ ತೂತು ಬಂದಾವಂತ. ನಾನು ಎರಡು ನಿಮಿಷ ಸುದ್ದಾ ವಿಚಾರ ಮಾಡಲಿಲ್ಲ. ಪುಟ್ಟಿ (ತೂತು ಮುಚ್ಚೂ ಲೇಪ) ತುಂಬಿ, ಗ್ರೈಂಡರ್ ಹೊಡದು, ಬಣ್ಣ ಬಡೀರಿ ಅಂದೆ. ಮೆಟಲ್ ಪುಟ್ಟಿ ಬಡದು ಮ್ಯಾಲ ಪ್ರೈಮರ್ ಹಚ್ಚಿದ್ರ ಕಣ್ಣಿಗೆ ಗೊತ್ತಾಗೂದಿಲ್ಲ, ಒತ್ತಡ ಬಿದ್ದಾಗ ನೀರು ಜಿನುಗೂದು ಮುಂದಿನವರ ಹಣೆಬರಹ.

ಪುಟ್ಟಿ ಕಲಸಾಕ ಕುಂತಿದ್ದು ಫೆಟ್ಲಿಂಗಿನ (ಎರಕದ ಪೀಸು ಉಜ್ಜಿ ಸಾಫ್ ಮಾಡೂ ಕೆಲಸದ) ಹುಡುಗ, ಖಾನಾಪುರ ಕಡೆಯವ, ಬಂದು ಮೂರು ತಿಂಗಳಾಗಿತ್ತು. ಕುಚೇಷ್ಟಿ ಅಲ್ಲ, ಖರೇನ ಗೊತ್ತಾಗದ ಕೇಳಿದ, "ಸಾಹೇಬ್ರ, ಇದು ಬೋರ್ಡಿನ್ಯಾಗ ಯಾವ ನಂಬರಿನ್ಯಾಗ ಬರ್ತೈತ್ರಿ?"

ಯಾರೋ ಹಿಂದ ಕಿಸಕ್ಕನ ನಕ್ರು. ನಾನು "ಮಾಡೂ ಕೆಲಸ ಮಾಡಲೇ" ಅಂತ ಬೈದು ಹೊರಗ ಬಂದೆ. ಡಬ್ಬಿ ತಗದೆ, ರೊಟ್ಟಿ ಇಳೀಲಿಲ್ಲ. ಲಕ್ಕಮ್ಮನ ಕತಿ ಹೇಳಿದ ಬಾಯಿ ಇದ ಅಲ್ಲೇನು ಅಂತ ಅನಸ್ತು, ಆದ್ರ ಖರೇ ಹೇಳ್ತೀನಿ, ಅದಕ್ಕಿಂತ ಹೆಚ್ಚು ಸಿಟ್ಟು ಆ ಹುಡುಗನ ಮ್ಯಾಲ ಇತ್ತು.

ಸಂಜೀಕ ಮಾಲಕರು ಬಂದ್ರು. ಆರು ಪೀಸಿಗೆ ಪುಟ್ಟಿ ಆಗಿತ್ತು. ನೋಡಿದವರು "ಯಾರ ಹೇಳಿದ್ರು ಇದನ್ನ?" ಅಂದ್ರು. ಎಲ್ಲಾರೂ ನೆಲಾ ನೋಡ್ಕೊಂಡು ನಿಂತ್ರು, ನಾನ ರೀ ಅಂದೆ. ಅವ್ರು ಬೈತಾರ ಅಂತ ತಿಳದಿದ್ದೆ, ಅವ್ರು ಮೋಲ್ಡರ್ ಕಾಕಾನ ಕಡೆ ಹೊಳ್ಳಿದ್ರು. "ಕಾಕಾ, ಉಸುಕ ಹಸಿ ಐತಿ ಅಂತ ನಿನಗ ಮುಂಜಾನೆನ ಗೊತ್ತಾಗಿರಬೇಕಲಾ?"

ಕಾಕಾ ಇಪ್ಪತ್ತೈದು ವರ್ಷದಿಂದ ಇದ ಕೆಲಸದಾಗ ಅದಾರ, ಮುಟಗಿಯೊಳಗ ಉಸುಕು ಹಿಚುಕಿ ಮುರದು ನೋಡಿದ್ರ ಮೀಟರ್ ಬ್ಯಾಡ. "ಗೊತ್ತಾಗಿತ್ರಿ. ಹೇಳಿದ್ರ ಅಚ್ಚಿನ ಪೆಟ್ಟಿಗಿ ನಿಲ್ತಾವು, ಪೆಟ್ಟಿಗಿ ನಿಂತ್ರ ನಮ್ಮ ರೊಕ್ಕಾ ನಿಲ್ತೈತಿ. ಹೇಳಲಿಲ್ಲಂದ್ರ ರಿಜೆಕ್ಟ್ ಆಗಿದ್ದು ಅಷ್ಟ ಕಟ್ ಆಗ್ತೈತಿ, ಉಳದಿದ್ದರ ಕೈಗೆ ಬರ್ತೈತಿ."

ನಮ್ಮಲ್ಲಿ ಮೋಲ್ಡಿಂಗ್ ಪೆಟ್ಟಿಗಿ ಲೆಕ್ಕದ ಕಾಂಟ್ರಾಕ್ಟು. ಈ ಕಟ್ಟಿಂಗ್ ಪದ್ಧತಿ ಮಾಡಿದ್ದು ಯಾರಂದ್ರ ನಾನ. ರಿಜೆಕ್ಷನ್ ಕಮ್ಮಿ ಆಗಲಿ ಅಂತ ಮಾಡಿದ್ದು. ಗ್ವಾಡಿ ಮ್ಯಾಲ ಪ್ರಾಮಾಣಿಕತೆ ಅಂತ ಬರಸಿದ್ವಿ, ನನ್ನ ಟೇಬಲ್ ಖಾನೆದಾಗಿನ ವಹಿಯೊಳಗ ಮಾತ್ರ ಬಾಯಿ ಮುಚಗೊಂಡವ್ರಿಗೆ ಹೆಚ್ಚು ರೊಕ್ಕಾ. ಮಂದಿ ಯಾವುದನ್ನ ಓದ್ತಾರ ಹೇಳ್ರಿ.

ಮಾಲಕರು ಅಲ್ಲೇ ಉಸುಕಿನ ರಾಶಿ ಬಾಜೂಕ ನಿಂತು ಕೊಲ್ಲಾಪುರಕ್ಕ ಫೋನ್ ಹಚ್ಚಿದ್ರು, ಸ್ಪೀಕರ್ ಮ್ಯಾಲ. 33 ಪೀಸ್ ಬರ್ತಾವು, ಉಳದದ್ದು ಮೂರು ದಿನ ತಡಾ ಅಂದ್ರು. ಆ ಕಡೆಯವ್ರು ಮರಾಠಿಯೊಳಗ ಬೈದದ್ದು ನಮಗೆಲ್ಲಾ ಕೇಳ್ತು, ಇವ್ರು ಹೂಂ ಹೂಂ ಅಂತ ಕೇಳಸ್ಕೊಂಡ್ರು. ನನಗ ಅನಸೂದು, ಬೋರ್ಡ್ ಹಚ್ಚಿ ಆರು ತಿಂಗಳಾದ ಮ್ಯಾಲ ಅದನ್ನ ಮಂದಿ ನೋಡಿದ್ದು ಆವತ್ತ. ಒಂಬತ್ತೂ ಪೀಸು ವಾಪಸ್ ಫರ್ನೇಸಿಗೆ ಹೋದ್ವು.

ಮರುದಿನ ನಿಯಮ ಬದಲಾತು. ಸುರುವೂಕಿಂತ ಮೊದಲ ಉಸುಕಿನ್ಯಾಗ ಐಬು ಐತಿ ಅಂತ ಹೇಳಿದ್ರ ನಿಂತ ಹೊತ್ತಿಗೆ ಹಾಜರಿ ರೊಕ್ಕಾ, ಕಟ್ಟಿಂಗ್ ಇಲ್ಲ. ಸಾಹೇಬ್ರು ಪುಟ್ಟಿ ಹಚ್ಚು ಅಂದ್ರೂ ಯಾರೂ ಹಚ್ಚಬೇಕಂತಿಲ್ಲ. ಮೊದಲನೇ ತಿಂಗಳು ಕಾಗದದ ಮ್ಯಾಲ ರಿಜೆಕ್ಷನ್ ಜಾಸ್ತಿನ ಆತು, ಮಾಲಕರು ಗಾಬರಿ ಆಗಿ ಹಳೇದ ಛಲೋ ಇತ್ತೇನೋ ಅಂದ್ರು. ಮೊದಲೂ ಇಷ್ಟ ಇತ್ರಿ, ಪುಟ್ಟಿ ಒಳಗಿತ್ತು ಅಂದೆ ನಾನು. ಇಬ್ರು ಈ ಹೊಸ ನಿಯಮಾನ ಆರಾಮ ಕುಂದ್ರಾಕ ಬಳಸಿಕೊಂಡ್ರು, ಅವ್ರಿಗೆ ಕಾಕಾನ ಸಮಾ ಮಾಡಿದ್ರು, ನಾ ನಡಕ್ಕ ಹೋಗಲಿಲ್ಲ.

ಹ್ವಾದ ವಾರ ಮಳಿಯೊಳಗ ಮೂರನೇ ರೈಲ್ವೆ ಗೇಟ್ ದಾಟಿ ಫ್ಯಾಕ್ಟರಿ ಮುಟ್ಟೂದ್ರಾಗ ಆ ಹುಡುಗ ಗೇಟಿಗೆ ಓಡಿ ಬಂದ. ಈಗ ಅವ ಕಾಕಾನ ಕೈಕೆಳಗ ಮೋಲ್ಡಿಂಗ್ ಕಲಿಯಾಕತ್ತಾನ. "ಸಾಹೇಬ್ರ, ಉಸುಕು ಹಸಿ ಐತಿ, ಸುರುವಸಬ್ಯಾಡ್ರಿ." ಫರ್ನೇಸಿನ್ಯಾಗ ಬೀಡು ಕರಗಿ ತಯಾರಿತ್ತು, ಒಂದು ಟನ್ ಕರಗಸಾಕ ಸುಮಾರು 600 ಯುನಿಟ್ ಕರೆಂಟು, ಹಿಡದಿಟ್ರ ಮತ್ತ ಮ್ಯಾಲ ಖರ್ಚು. ಹೊಟ್ಟಿಯೊಳಗ ಕಲಮಲ ಆತು. ಮಾಲಕರಿಗೆ ಫೋನ್ ಮಾಡಿದೆ. ಆ ಕಡೆ ಭಾಳೊತ್ತು ಸುಮ್ನಿದ್ರು.

"ಯಾರ ಹೇಳಿದ್ದು?"

"ಹುಡುಗ ರೀ, ಕಾಕಾನೂ ನೋಡ್ಯಾನ."

"ಹಂಗಾರ ನಿಲ್ಸು" ಅಂದು ಫೋನ್ ಇಟ್ರು. ಸಿಟ್ಟಿನ್ಯಾಗ ಇಟ್ರು, ಅದೂ ಗೊತ್ತಾತು. ನಾವು ಮಿಕ್ಸರಿಗೆ ಒಣ ಉಸುಕು ಕೂಡ್ಸಾಕ ಶುರು ಮಾಡಿದ್ವಿ.