ಅಜ್ಜಿಯ ಕೈ, ಅಕ್ಷರಗುಂಡು

ಈ ಬುದ್ಧ ಪೂರ್ಣಿಮೆಗೆ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಗೆ ಹೋಗಿ ಬಂದೆ. ಬಂದು ನಾಲ್ಕು ದಿನ ಆಯಿತು, ಮೂಗಿನಲ್ಲಿ ಇನ್ನೂ ಲೋಬಾನದ ವಾಸನೆ. ಅಲ್ಲಿ ಯಾರೂ ಲೋಬಾನ ಹಾಕಿರಲಿಲ್ಲ. ಅದು ನಮ್ಮ ಅಜ್ಜಿಯ ಕೈಯ ವಾಸನೆ.

ದಾವಣಗೆರೆಯ ನಮ್ಮ ಹಳೆ ಮನೆಯಲ್ಲಿ ಅಮಾವಾಸ್ಯೆ ಬಂತೆಂದರೆ ಸಂಜೆಗೇ ಬಾಗಿಲು ಹಾಕುತ್ತಿದ್ದರು. ಅಜ್ಜಿ ಕೆಂಡದ ಮೇಲೆ ಲೋಬಾನ ಉದುರಿಸಿ, ಮೂಲೆಮೂಲೆಗೂ ಹೊಗೆ ಹಿಡಿದು, ಅದೇ ಕೈಯಲ್ಲಿ ನನ್ನ ಹಣೆಗೆ ಸೊಟ್ಟಸೊಟ್ಟ ವಿಭೂತಿ ಎಳೆದು, "ಸುಳ್ಳು ಹೇಳಿದ್ರ ಅಮ್ಮ ನಾಲಿಗಿ ಕೀಳ್ತಾಳ ಮಗಾ, ಎಲ್ಲಾ ನೋಡ್ತಿರ್ತಾಳ" ಅನ್ನುತ್ತಿದ್ದಳು. ಆಮೇಲೆ ಯಮಲೋಕ, ಎಣ್ಣೆ ಕೊಪ್ಪರಿಗೆ. ನಾನು ಬಾಯಿಗೆ ಕೈ ಅಡ್ಡ ಹಿಡಿದು ಮಲಗುತ್ತಿದ್ದೆ. ದೊಡ್ಡವನಾದ ಮೇಲೂ ಹೊಟ್ಟೆಯೊಳಗೆ ಒಂದು ತಣ್ಣನೆ ಗಂಟು ಹಾಗೇ ಉಳಿಯಿತು. ಜ್ವರ ಬಂದರೂ, ಕೆಲಸ ಹೋದರೂ, ಇದು ಯಾವ ಸುಳ್ಳಿಗೆ ಅಂತ ಲೆಕ್ಕ ಹಾಕುತ್ತಿದ್ದೆ.

ಸ್ನೇಹಿತನೊಬ್ಬ ವಿಪಶ್ಯನ ಅನ್ನುವ ಬೌದ್ಧ ಧ್ಯಾನದ 10 ದಿನದ ಶಿಬಿರಕ್ಕೆ ಕಳಿಸಿದ. ಬೆಳಗ್ಗೆ 4ಕ್ಕೆ ಗಂಟೆ, ದಿನವಿಡೀ ಮೌನ, ಮೊದಮೊದಲು ಬರೀ ಉಸಿರು ನೋಡುವುದು. ನಗಬೇಡಿ, ಅಲ್ಲೂ ನನಗೆ ಭಯವೇ! ಕಾಲು ಅಲ್ಲಾಡಿಸಿದರೆ ಪಾಪ, ಬಾಯಿ ತಪ್ಪಿ ಮಾತಾಡಿದರೆ ಶಿಕ್ಷೆ. ಅಜ್ಜಿಯ ಆ ದೇವಿ ಅಮ್ಮನ ಜಾಗದಲ್ಲಿ ಬುದ್ಧನನ್ನು ಕೂರಿಸಿ ಅವನಿಗೂ ಹೆದರುತ್ತಿದ್ದೆ. ಆಚಾರ್ಯರಿಗೆ ಹೇಳಿಕೊಂಡೆ. "ಕಾಲು ಅಲ್ಲಾಡಿಸಿ, ಇಲ್ಲಿ ಯಾರೂ ಲೆಕ್ಕ ಬರೆಯಲ್ಲ" ಅಂದರು. ಅವತ್ತು ಸುಮ್ನೆ ಅತ್ತೆ.

ಆಮೇಲೆ ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದಲ್ಲಿ ಭಯಭೇರವ ಸುತ್ತ ಓದಿದೆ, ಭಯದ ಬಗ್ಗೆಯೇ ಇರುವ ಉಪದೇಶ ಅದು. ಜ್ಞಾನೋದಯಕ್ಕೆ ಮುಂಚೆ ಬುದ್ಧನೂ ಹೆದರಿದ್ದ. ಪಕ್ಷದ ಅಷ್ಟಮಿ, ಚತುರ್ದಶಿ, ಹದಿನೈದನೇ ರಾತ್ರಿಗಳಲ್ಲಿ ಬೇಕಂತಲೇ ಹೋಗಿ ಮೈ ಜುಮ್ಮೆನ್ನುವ ಕಾಡಿನ ಗುಡಿಗಳಲ್ಲಿ ಉಳಿಯುತ್ತಿದ್ದ. ಹದಿನೈದನೇ ರಾತ್ರಿ ಅಂದರೆ ನಮ್ಮ ಅಮಾವಾಸ್ಯೆಯೂ ಬಂತಲ್ವಾ! ನವಿಲು ಕಡ್ಡಿ ಮುರಿದರೆ, ಗಾಳಿಗೆ ತರಗೆಲೆ ಸದ್ದಾದರೆ, ಇಗೋ ಬಂತು ಭಯ ಅನ್ನಿಸುತ್ತಿತ್ತಂತೆ. ನಡೆಯುವಾಗ ಬಂದರೆ ಅದು ಹೋಗುವವರೆಗೂ ನಡೆಯುತ್ತಲೇ ಇದ್ದ, ಕೂತಾಗ ಬಂದರೆ ಕೂತೇ ಇದ್ದ. ಇದನ್ನು ಎಷ್ಟು ಸಲ ಓದಿದ್ದೇನೋ. ನನ್ನ ಹೊಟ್ಟೆಯ ಗಂಟಿನ ಜೊತೆ ನಾನೂ ಹಾಗೇ ಕೂತೆ, ವರ್ಷಗಟ್ಟಲೆ. ಒಂದೇ ದಿನಕ್ಕೆ ಹೋಗಲಿಲ್ಲ. ಹೋಗುತ್ತೆ ಅನ್ನುವವರನ್ನು ನಂಬಬೇಡಿ.

ಬ್ರಹ್ಮಗಿರಿಯ ಅಶೋಕನ ಶಾಸನದ ಬಂಡೆಗೆ ಊರವರು ಇಟ್ಟ ಹೆಸರು ಅಕ್ಷರಗುಂಡು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಹೊರಜಗತ್ತಿಗೆ ತಿಳಿಸಿದರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ನನಗೆ ಒಂದಕ್ಷರವೂ ಓದಲು ಬರಲ್ಲ. ಅರ್ಥ ಮಾತ್ರ ಗೊತ್ತು: ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳಿಗೆ ದಯೆ ತೋರಬೇಕು, ನಿಜ ಹೇಳಬೇಕು. ಹೇಳದಿದ್ದರೆ ಏನು ಮಾಡ್ತೀನಿ ಅಂತ ಅಲ್ಲಿ ಚಕ್ರವರ್ತಿ ಬರೆಸಿಲ್ಲ. ದಂಡ ಕೈಯಲ್ಲೇ ಇದ್ದವನು! ನಾಲಿಗೆಯ ಸುದ್ದಿಯೇ ಇಲ್ಲ. ಬರೆದ ಲಿಪಿಕಾರ ಚಪಡ ಕೊನೆಗೆ ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ, ಪುಣ್ಯಾತ್ಮ.

ಸ್ವಲ್ಪ ದೂರದಲ್ಲಿ ನೆರಳು ನೋಡಿ ಕೂತೆ. ಪಕ್ಕದಲ್ಲಿ ಹುಡುಗರು ಜೋರಾಗಿ ಹಾಡು ಹಾಕಿ ವಿಡಿಯೋ ಮಾಡುತ್ತಿದ್ದರು. ಪೂರ್ಣಿಮೆಯ ದಿನ ಹತ್ತು ನಿಮಿಷ ಸುಮ್ಮನಿರುವುದೂ ಈಗ ಕಷ್ಟ ಆಗಿದೆ ನಮಗೆ. ಇರಲಿ. ಮೆತ್ತ ಭಾವನೆ, ಅಂದರೆ ಎಲ್ಲರಿಗೂ ಒಳಿತು ಬಯಸುವ ಧ್ಯಾನ, ಮಾಡಲು ಶುರು ಮಾಡಿ, ಮೊದಲು ನನಗೆ, ಆಮೇಲೆ ಅಜ್ಜಿಗೆ ಸುಖವಾಗಿರು ಅಂದೆ. ಅಷ್ಟರಲ್ಲಿ ಆ ಲೋಬಾನದ ವಾಸನೆ, ಹಣೆಯ ಮೇಲೆ ಆ ಮೂರು ತಣ್ಣನೆ ಬೆರಳು. ಬೆರಳು ನಡುಗುತ್ತಿದ್ದವು. ವಿಭೂತಿ ಸೊಟ್ಟ ಆಗುತ್ತಿದ್ದುದು ವಯಸ್ಸಿಗೆ ಅಂದುಕೊಂಡಿದ್ದೆ ಇಷ್ಟು ದಿನ. ಆದರೆ ರೊಟ್ಟಿ ತಟ್ಟುವಾಗ, ಹೂ ಕಟ್ಟುವಾಗ ಆ ಕೈ ನಡುಗಿದ್ದನ್ನು ನಾನು ನೋಡಿಲ್ಲ. ಅಮಾವಾಸ್ಯೆ ರಾತ್ರಿ ಮಾತ್ರ ನಡುಗುತ್ತಿತ್ತು. ಅಪ್ಪನಿಗಿಂತ ಮುಂಚೆ ಹುಟ್ಟಿದ ಎರಡು ಮಕ್ಕಳನ್ನು ಮಣ್ಣು ಮಾಡಿದವಳು ಅವಳು. ಅದು ಯಾವ ತಪ್ಪಿಗೆ ಅಂತ ಅವಳಿಗೆ ಯಾರು ಏನು ಹೇಳಿದ್ದರೋ.

ಅಜ್ಜಿಯ ಧೂಪದ ಬಟ್ಟಲು ಅಟ್ಟದ ಮೇಲಿತ್ತು. ನಿನ್ನೆ ಇಳಿಸಿ ತೊಳೆದಿಟ್ಟಿದ್ದೇನೆ. ಬರುವ ಅಮಾವಾಸ್ಯೆಗೆ ಲೋಬಾನ ಹಾಕಬೇಕು, ಬಾಗಿಲು ತೆಗೆದಿಟ್ಟು.