ಬಿಳಿ ಕವಚ, ಕೆಂಪು ದೂಳು: ಬಳ್ಳಾರಿಯಿಂದ ಕಿನ್ನಾಳದವರೆಗೆ

ಸಿನಿಮಾದ ಪಾತ್ರಗಳಂತೆ ವೇಷ ತೊಟ್ಟು ಚಿತ್ರ ತೆಗೆಸಿಕೊಳ್ಳಲೆಂದು ಬಳ್ಳಾರಿ ಕಡೆಗೆ ಕವಚ, ಹೆಲ್ಮೆಟ್ಟು ಹೊತ್ತು ಹೊರಡುವವರು ಮೊದಲು ನೆನಪಿಡಬೇಕಾದದ್ದು 60 ಡಿಗ್ರಿ. ತ್ರೀಡಿ ಪ್ರಿಂಟರಿನಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ಕು ಆ ಸುಮಾರಿಗೇ ಮೆತ್ತಗಾಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರುಗಳ ನೆರಳಿನಲ್ಲೇ 40 ದಾಟುವುದುಂಟು. ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 60 ಮುಟ್ಟುವುದಕ್ಕೆ ಬಹಳ ಹೊತ್ತು ಬೇಡ. ಪಿಎಲ್‌ಎ ಹೆಲ್ಮೆಟ್ಟನ್ನು ಹಿಂದಿನ ಸೀಟಿನಲ್ಲಿಟ್ಟು ಊಟಕ್ಕೆ ಹೋದರೆ ಬರುವಷ್ಟರಲ್ಲಿ ಗದ್ದದ ಅಂಚು ಕೆಳಗಿಳಿದು, ಎರಡು ಕಣ್ಣಿನ ಗೂಡುಗಳು ಒಂದಕ್ಕೊಂದು ಸಮವಿಲ್ಲದಂತೆ ಆಗಿರುತ್ತವೆ. ಹಾಗೆ ಬಾಗಿದ್ದನ್ನು ಹಳೆಯ ಅಳತೆಗೆ ತರುವುದು ಆಗದ ಮಾತು. ಈ ಕಡೆಯವರು ಪ್ರಿಂಟ್ ಮಾಡಿಸುವುದಾದರೆ ಪಿಇಟಿಜಿ ಆಗಲಿ (ಸುಮಾರು 80 ಡಿಗ್ರಿವರೆಗೆ ತಡೆಯುತ್ತದೆ), ಎಬಿಎಸ್ ಅಥವಾ ಎಎಸ್‌ಎ ಆಗಲಿ (100ರ ಆಸುಪಾಸು) ಮಾಡಿಸಬೇಕು. ಬಿಸಿಲಿಗೆ ಹಳದಿಯಾಗದಿರುವ ವಿಷಯದಲ್ಲಿ ಎಎಸ್‌ಎ ಎಲ್ಲಕ್ಕಿಂತ ಮೇಲು.

ಇದೇ ಕಾರಣಕ್ಕೆ ಈ ಪ್ರವಾಸ ಡಿಸೆಂಬರಿನಲ್ಲಿ. ಬೆಂಗಳೂರಿನಿಂದ ಬಳ್ಳಾರಿ, ಅಲ್ಲಿಂದ ಕುರುಗೋಡು, ಕಂಪ್ಲಿ ಮೇಲೆ ಗಂಗಾವತಿ, ಸಾಣಾಪುರದ ಬಂಡೆಗಳು, ಕೊನೆಗೆ ಕೊಪ್ಪಳದ ಕಿನ್ನಾಳ. ಜೊತೆಗೆ ಎರಡು ಸೆಟ್ಟು. ಒಂದು, 1977ರ ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿ ಸೈನಿಕನ ಎಬಿಎಸ್ ಕವಚ. ಇನ್ನೊಂದು ಇವಿಎ ಎಂಬ ರಬ್ಬರಿನಂಥ ಮೆತ್ತನೆ ಫೋಮಿನದು, ಅದರ ಹೆಲ್ಮೆಟ್ಟು ಫೈಬರ್‌ಗ್ಲಾಸಿನದು.

ತೆರೆಯ ಮೇಲೆ ಕಂಡಂತೆಯೇ ಮಾಡುವುದು ಅಂದರೆ ಅಂದವಾಗಿ ಮಾಡುವುದಲ್ಲ, ಇದ್ದಂತೆ ಮಾಡುವುದು. ಮೂಲ ಬಿಳಿ ಕವಚವನ್ನು ತೆಳು ಪ್ಲಾಸ್ಟಿಕ್ ಹಾಳೆ ಕಾಯಿಸಿ, ಅಚ್ಚಿನ ಮೇಲೆ ಗಾಳಿ ಎಳೆದು ಕೂರಿಸಿ ಮಾಡಿದ್ದರು. ಎಡ–ಬಲ ಒಂದೇ ತೆರನಾಗಿಲ್ಲ, ಮಂಡಿಯ ದಪ್ಪ ತಟ್ಟೆ ಎಡಗಾಲಿಗೆ ಮಾತ್ರ. ಹತ್ತಿರದ ದೃಶ್ಯಗಳಿಗೆ ಬಳಸಿದ ಹೆಲ್ಮೆಟ್ಟಿನ ಕಣ್ಣು ಉಬ್ಬಿದ ಮಸೂರ, ಗುಂಪಿನ ದೃಶ್ಯದ್ದು ಚಪ್ಪಟೆ. ಗುಂಪಿನ ಹೆಲ್ಮೆಟ್ಟುಗಳನ್ನು ಬಣ್ಣ ಸರಿಯಾಗಿ ಹಿಡಿಯದ ಎಚ್‌ಡಿಪಿಇ ಪ್ಲಾಸ್ಟಿಕ್ಕಿನಲ್ಲಿ ಮಾಡಿ ಮೇಲೆ ಬಿಳಿ ಬಳಿದಿದ್ದರು. ಹಾಗಾಗಿ ಬಣ್ಣ ಚಕ್ಕೆ ಎದ್ದಿರುವುದೂ ಮೂಲದ ಭಾಗವೇ. 1997ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘501ನೇ ಲೀಜನ್’ ಎಂಬ ಅಭಿಮಾನಿ ಬಳಗ ಒಂದೊಂದು ವೇಷಕ್ಕೂ ಇಂಥ ವಿವರಗಳ ಪಟ್ಟಿ ಇಟ್ಟಿದೆ; ಆ ಪಟ್ಟಿ ಕಣ್ಣಿಗೆ ಕಾಣುವ ಭಾಗಕ್ಕೆ ಮುಖ್ಯವಾಗಿ ಸಂಬಂಧಿಸಿದ್ದು. ಒಳಗೆ ಬಳಸುವ ನೈಲಾನ್ ಪಟ್ಟಿ, ಇಲಾಸ್ಟಿಕ್, ಫ್ಯಾನು, ಬಟ್ಟೆ, ಅಂಟು ನಮ್ಮ ಕೈಯಲ್ಲಿವೆ. ಬಿಸಿಲುನಾಡಿಗೆ ಹೊಂದಿಸಬೇಕಾದದ್ದು ಈ ಒಳಭಾಗ.

ಹಂಪಿ ಎಕ್ಸ್‌ಪ್ರೆಸ್ಸನ್ನು ಬೆಂಗಳೂರಿನಲ್ಲಿ ರಾತ್ರಿ ಹತ್ತಿದರೆ ಬೆಳಗ್ಗೆ ಬಳ್ಳಾರಿ. ಕವಚವನ್ನು ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಕೆಳಗಿನ ಬರ್ತಿನ ಅಡಿಗೆ ತಳ್ಳಬಹುದು. ಡಬ್ಬಿ ಕೊಳ್ಳುವ ಮೊದಲೇ ಬರ್ತಿನ ಅಡಿಯ ಎತ್ತರ ಅಳೆದುಕೊಳ್ಳುವುದು ಒಳ್ಳೆಯದು. ಎದೆ ಮತ್ತು ಬೆನ್ನಿನ ತಟ್ಟೆ ಒಂದರೊಳಗೊಂದು, ತೊಡೆಯ ಕೊಳವೆಯೊಳಗೆ ಮೊಣಕಾಲಿನ ಕೊಳವೆ, ಅದರೊಳಗೆ ತೋಳಿನದು. ನಡುವೆ ಹಳೆ ಪಂಚೆಯ ತುಂಡು. ಗುಳ್ಳೆ ಪ್ಲಾಸ್ಟಿಕ್ ಬೇಡವೇ ಬೇಡ: ಬಣ್ಣ ಬಳಿದು ಒಂದೆರಡು ವಾರವಷ್ಟೇ ಆಗಿದ್ದರೆ ಸೆಕೆಗೆ ಗುಳ್ಳೆಗಳ ಗುರುತು ಬಣ್ಣದ ಮೇಲೆ ಅಚ್ಚಾಗಿ ಕೂರುತ್ತದೆ. ಫೋಮಿನ ಕವಚದ ಮೇಲೆ ಭಾರ ಹೇರಬಾರದು. ಸೆಕೆಯಲ್ಲಿ ಒತ್ತಿಸಿಕೊಂಡ ಇವಿಎ ತಗ್ಗು ಬೀಳುತ್ತದೆ. ಹೀಟ್ ಗನ್ ಹಿಡಿದರೆ ಸ್ವಲ್ಪ ಮೇಲೇಳಬಹುದು, ಪೂರ್ತಿ ಏಳುವುದಿಲ್ಲ.

ಬಳ್ಳಾರಿಯಲ್ಲಿ ಈ ಹವ್ಯಾಸಕ್ಕೆ ನಿಜಕ್ಕೂ ಒದಗಿಬರುವುದು ಜೀನ್ಸ್. ದೇಶದ ಮೂಲೆಮೂಲೆಗೆ ಇಲ್ಲಿಂದ ಜೀನ್ಸ್ ಹೋಗುತ್ತದೆ, ಹಾಗಾಗಿ ಹೊಲಿಗೆಯ ಘಟಕಗಳ ಜೊತೆಗೇ ಟಿಚ್ ಬಟನ್, ರಿವೆಟ್, ದಪ್ಪ ದಾರ, ನೈಲಾನ್ ಪಟ್ಟಿ ಮಾರುವ ಅಂಗಡಿಗಳೂ ಬೆಳೆದಿವೆ. ಕವಚದ ತುಂಡುಗಳನ್ನು ಒಳಗಿನಿಂದ ಒಂದಕ್ಕೊಂದು ಹಿಡಿದಿಡುವುದು ಟಿಚ್ ಬಟನ್ ಹಾಕಿದ ಇಲಾಸ್ಟಿಕ್ಕುಗಳೇ. ಮನೆಯಲ್ಲಿ ಸುತ್ತಿಗೆಯಿಂದ ಬಡಿದು ಕೂರಿಸಿದ ಟಿಚ್ ಬಟನ್ ಓರೆಯಾಗಿ ಕೂತು, ನಾಲ್ಕು ಸಲ ತೆಗೆದು ಹಾಕುವಷ್ಟರಲ್ಲಿ ಕಿತ್ತು ಬರುತ್ತದೆ. ಜೀನ್ಸ್ ಘಟಕದ ಪ್ರೆಸ್ಸಿನಲ್ಲಿ ಅದು ನೆಟ್ಟಗೆ ಕೂರುತ್ತದೆ. ಅಲ್ಲಿನವರಿಗೆ ಕೆಲಸ ಹೇಳುವುದೂ ಸುಲಭ: 50 ಮಿ.ಮೀ. ಅಗಲದ ನೈಲಾನ್ ಪಟ್ಟಿಯನ್ನು 50 ಮಿ.ಮೀ. ಉದ್ದಕ್ಕೆ ಕತ್ತರಿಸಿ, ನಡುವೆ ಗಂಡು ಬಟನ್; 25 ಮತ್ತು 50 ಮಿ.ಮೀ. ಇಲಾಸ್ಟಿಕ್ಕಿನ ಎರಡೂ ತುದಿಗೆ ಹೆಣ್ಣು ಬಟನ್. ತೂತನ್ನು ಕತ್ತರಿಯಿಂದ ಮಾಡದೆ ಕಾದ ಸೋಲ್ಡರಿಂಗ್ ಕಡ್ಡಿಯಿಂದ ಮಾಡಿದರೆ ನೈಲಾನಿನ ಎಳೆ ಬಿಚ್ಚಿಕೊಳ್ಳುವುದಿಲ್ಲ. ಬಟನ್ನನ್ನು ಕವಚಕ್ಕೇ ತೂತು ಕೊರೆದು ಕೂರಿಸಬಾರದು. ಹೊರಗೆ ಕಾಣುವುದು ಒಂದು ದೋಷ, ತೂತಿನಿಂದ ಬಿರುಕು ಹೊರಡುವುದು ಅದಕ್ಕಿಂತ ದೊಡ್ಡ ದೋಷ. ಬಟನ್ ಕೂತ ಚೌಕವನ್ನು ಕವಚದ ಒಳಮೈಗೆ ಅಂಟಿಸಬೇಕು.

ಆ ಅಂಟಿನ ವಿಷಯ. ಇ6000 ಥರದ, ಗಟ್ಟಿಯಾದ ಮೇಲೂ ರಬ್ಬರಿನಂತೆ ಬಾಗುವ ಅಂಟು ಉತ್ತಮ. ಒಳಮೈಯನ್ನು 120ರ ಉಪ್ಪುಕಾಗದದಿಂದ ಉಜ್ಜಿ, ದೂಳು ಒರೆಸಿ, ಅಂಟು ಹಚ್ಚಿ ಕ್ಲಾಂಪ್ ಹಾಕಿ ಕನಿಷ್ಠ 24 ಗಂಟೆ ಬಿಡಬೇಕು, ಪೂರ್ತಿ ಬಲ ಬರಲು 72. ಸೂಪರ್ ಗ್ಲೂ ಕ್ಷಣದಲ್ಲಿ ಹಿಡಿಯುತ್ತದೆ, ಆದರೆ ಗಾಜಿನ ಹಾಗೆ ಗಡುಸು. ನಡೆಯುವಾಗ ಕವಚ ಬಾಗಿದ ಕೂಡಲೇ ಬಿಡುತ್ತದೆ. ಹಾಟ್ ಗ್ಲೂ ಇಲ್ಲಿನ ಬಿಸಿಲಿಗೆ ತಾನೇ ಮೆತ್ತಗಾಗಿ ಜಾರುತ್ತದೆ. ಫೋಮಿಗೆ ಹಚ್ಚುವ ಫೆವಿಕಾಲ್ ಎಸ್‌ಆರ್ ಥರದ ಅಂಟಿಗೂ ಊರಿನ ಹವೆ ನೋಡಬೇಕು. ಬೆಂಗಳೂರಿನಲ್ಲಿ ಹಚ್ಚಿ ಹತ್ತು ನಿಮಿಷ ಕಾಯುವಲ್ಲಿ ಬಳ್ಳಾರಿಯ ಒಣ ಮಧ್ಯಾಹ್ನ ಅದರ ಅರ್ಧ ಹೊತ್ತಿಗೇ ಆರಿರುತ್ತದೆ. ಬೆರಳಿಗೆ ಅಂಟಬಾರದು, ಎಳೆ ಬರಬಾರದು, ಆದರೆ ತೀರಾ ಒಣಗಿರಲೂಬಾರದು. ಆ ಹದ ತಪ್ಪಿದರೆ ಕೀಲು ಒಂದು ವಾರದಲ್ಲಿ ಬಾಯಿ ಬಿಡುತ್ತದೆ.

ತೋಳು, ಕಾಲಿನ ಕೊಳವೆಗಳ ಎರಡು ಹೋಳು ಒಂದರ ಮೇಲೊಂದು ಏರದೆ ಅಂಚಿಗೆ ಅಂಚು ಕೂಡಿ, ಮೇಲೊಂದು ಪಟ್ಟಿ ಬರಬೇಕು. ಮುಂಭಾಗದಲ್ಲಿ ತೋಳಿಗೆ 15 ಮಿ.ಮೀ., ಕಾಲಿಗೆ 20 ಮಿ.ಮೀ. ಅಗಲದ ಪಟ್ಟಿ ರೂಢಿ. ಎಬಿಎಸ್ ಕತ್ತರಿಸಲು ಗರಗಸ ಬೇಡ: ಕಟರಿನಿಂದ ಎರಡು ಮೂರು ಸಲ ಗೀರಿ ಬಾಗಿಸಿದರೆ ಗೀರಿದ ಗೆರೆಯಲ್ಲೇ ಮುರಿಯುತ್ತದೆ. ಉಳಿದ ಚೂರುಗಳನ್ನು ಎಸೆಯಬಾರದು. ಅಸಿಟೋನಿನಲ್ಲಿ ಕರಗಿಸಿದರೆ ಕವಚದ್ದೇ ಬಣ್ಣದ ಗಸಿ ಸಿಗುತ್ತದೆ, ಬಿರುಕು ತುಂಬಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ತೆಳುವಾಗಿ ಹಚ್ಚಬೇಕು, ಹೆಚ್ಚಾದರೆ ಅಸಿಟೋನು ಕೆಳಗಿನ ಹಾಳೆಯನ್ನೂ ಮೆತ್ತಗೆ ಮಾಡಿ ಸುಕ್ಕುಗಟ್ಟಿಸುತ್ತದೆ.

ಕಣ್ಣಿನ ಮಸೂರಕ್ಕೆ ವೆಲ್ಡಿಂಗ್ ಸಾಮಾನಿನ ಅಂಗಡಿ. ಮುಖಕ್ಕೆ ಹಿಡಿಯುವ ಹಸಿರು ಪಾಲಿಕಾರ್ಬೊನೇಟ್ ಹಾಳೆಯಲ್ಲಿ ಶೇಡ್ 5 (ಅಂಕೆ ಹೆಚ್ಚಿದಷ್ಟೂ ಹಾಳೆ ಗಾಢ) ಬಳ್ಳಾರಿಯ ಹಗಲಿಗೆ ಸರಿ. ಸಂಜೆಗೆ ಅಥವಾ ಸಭಾಂಗಣದ ಒಳಗೆ ಶೇಡ್ 3 ಇಲ್ಲದಿದ್ದರೆ ಮೆಟ್ಟಿಲು ಕಾಣುವುದಿಲ್ಲ. ತೆಳು ಹಾಳೆಯನ್ನು ದೊಡ್ಡ ಕತ್ತರಿಯಲ್ಲೇ ಕತ್ತರಿಸಬಹುದು. ಗಾಜಿನದು ಮಾತ್ರ ಕೊಳ್ಳಬೇಡಿ, ಬಿದ್ದರೆ ಕಣ್ಣಿಗೆ ಅಪಾಯ.

ಫೈಬರ್‌ಗ್ಲಾಸಿನ ಹೆಲ್ಮೆಟ್ಟಿನ ಅಂಚು ಸವೆದಲ್ಲಿ ತುಂಬಲು ಲಾರಿಗಳ ಟಿಂಕರಿಂಗ್ ಕೆಲಸದವರು ಬಳಸುವ ಪಾಲಿಯೆಸ್ಟರ್ ಪೇಸ್ಟೇ ಸಾಕು. ಗಣಿ ಸಾಗಣೆಯಿಂದಾಗಿ ಈ ಭಾಗದಲ್ಲಿ ಲಾರಿ ರಿಪೇರಿಗೆ ಕೊರತೆಯಿಲ್ಲ. ಪೇಸ್ಟನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಲೆಕ್ಕ 100 ಗ್ರಾಮಿಗೆ 2 ಗ್ರಾಂ ಎಂದಿದ್ದರೂ ಅದು 25 ಡಿಗ್ರಿಯ ಹವೆಗೆ. ತಾಪ 10 ಡಿಗ್ರಿ ಏರಿದರೆ ಗಟ್ಟಿಯಾಗುವ ಹೊತ್ತು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಹಾರ್ಡ್‌ನರ್ ಕಡಿಮೆ ಮಾಡಿ, ಅಂಗೈಯಷ್ಟೇ ಕಲಸಿ, ಬೆಳಗ್ಗೆಯೇ ಹಚ್ಚಿ ಮುಗಿಸಬೇಕು. ಹೆಲ್ಮೆಟ್ಟನ್ನೇ ಹೊಸದಾಗಿ ಎರಕ ಹಾಕುವವರಿಗೂ ಇದೇ ಮಾತು: ರೆಸಿನ್ನಿಗೆ ಅದನ್ನು ಗಟ್ಟಿ ಮಾಡುವ ಎಂಇಕೆಪಿ ದ್ರವ ಶೇ. 1ರಿಂದ 2 ಎಂದಿದ್ದರೆ ಬಳ್ಳಾರಿಯಲ್ಲಿ 1ರ ಹತ್ತಿರವೇ ಇರಲಿ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನು ಮೊದಲು ರೆಸಿನ್ನಿಗೆ ಪೂರ್ತಿ ಬೆರೆಸಿ ಆಮೇಲೆ ಎಂಇಕೆಪಿ ಹಾಕಬೇಕು. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುತ್ತದೆ. ಇದನ್ನು ಹೊಸಬರಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ. ಸ್ಪ್ರೇ ಬಣ್ಣವೂ ನಡುಹಗಲಿಗೆ ಬೇಡ. ಹನಿ ಮೈಗೆ ತಾಗುವ ಮೊದಲೇ ಆರಿ, ಮೇಲ್ಮೈ ಉಪ್ಪುಕಾಗದದಂತೆ ತರಿತರಿಯಾಗುತ್ತದೆ.

ಬಳ್ಳಾರಿ ಬಿಟ್ಟು ಕ್ರೂಸರಿನಲ್ಲಿ ಕುರುಗೋಡು, ಕಂಪ್ಲಿ ದಾರಿ. ತುಂಗಭದ್ರೆ ದಾಟಿದರೆ ಗಂಗಾವತಿಯ ಭತ್ತದ ಸೀಮೆ. ಮಳೆಗಾಲದಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿಯ ಸೇತುವೆ ಮುಳುಗುತ್ತದೆ, ಆಗ ಹೊಸಪೇಟೆ ಸುತ್ತಿ ಬರಬೇಕು. ಡಬ್ಬಿಗಳನ್ನು ಗಾಡಿಯ ಮೇಲೆ ಕಟ್ಟದೆ ಒಳಗೇ ಇಟ್ಟುಕೊಳ್ಳುವುದು ಲೇಸು.

ದೂಳಿನ ಬಗ್ಗೆ ಇಲ್ಲೇ ಹೇಳಬೇಕು. ಸಂಡೂರಿನ ಕಡೆಯ ಅದಿರಿನ ಕೆಂಪು ದೂಳು ಹೆಮಟೈಟ್, ಪ್ಲಾಸ್ಟಿಕ್ಕಿಗಿಂತ ಎಷ್ಟೋ ಪಾಲು ಗಡುಸು. ಬಿಳಿ ಎಬಿಎಸ್ ಮೇಲೆ ಒಣಬಟ್ಟೆ ಉಜ್ಜಿದರೆ ಸ್ಥಿರವಿದ್ಯುತ್ತು ಹುಟ್ಟಿ ಇನ್ನಷ್ಟು ದೂಳು ಬಂದು ಅಂಟುತ್ತದೆ, ಮಸೂರದ ಮೇಲೆ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ನೀರು ಹರಿಸಬೇಕು, ಆಮೇಲೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿದ ನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆ. ಪೆಟ್ರೋಲು, ಥಿನ್ನರ್ ಮುಟ್ಟಿಸಲೇಬಾರದು: ಎಬಿಎಸ್ ಬಾಗಿ ಬಿಗಿದಿರುವ ಕಡೆಯಲ್ಲೆಲ್ಲ ಕೂದಲಿನೆಳೆಯ ಬಿರುಕು ಏಳುತ್ತದೆ. ಮಿರ್ಚಿ–ಮಂಡಕ್ಕಿ ತಿಂದ ಕೈಯನ್ನೂ ಸೋಪು ಹಚ್ಚಿ ತೊಳೆದೇ ಕವಚ ಮುಟ್ಟಬೇಕು. ಎಣ್ಣೆಯ ಬೆರಳಚ್ಚಿನ ಮೇಲೆ ದೂಳು ಕೂತರೆ ಹೋಗುವುದು ಕಷ್ಟ.

ಸಾಣಾಪುರ, ಆನೆಗುಂದಿಯ ಸುತ್ತ ಗ್ರಾನೈಟ್ ಗುಂಡುಗಳ ರಾಶಿ ಬೇರೊಂದು ಗ್ರಹದ ನೆಲವಾಗಿ ಕಾಣಲು ಯಾವ ಸಿನಿಮಾ ಸೆಟ್ಟೂ ಬೇಕಿಲ್ಲ. ಇನ್ನೊಂದು ಅನುಕೂಲ, ದೂರ ನಿಂತು ಚಿತ್ರ ತೆಗೆಯಲು ಜಾಗವಿರುವುದು. ಹೆಲ್ಮೆಟ್ಟು ಮೂಲಕ್ಕೆ ಸರಿಹೊಂದುತ್ತದೆಯೇ ಎಂದು ನೋಡಲು ಒಂದು ಮೀಟರಿನಿಂದ ಮೊಬೈಲ್ ಹಿಡಿದರೆ ಮೂಗಿನ ಭಾಗ ಉಬ್ಬಿ, ಕಿವಿಗಳು ಹಿಂದೆ ಸರಿದು, ಸರಿಯಾದ ಹೆಲ್ಮೆಟ್ಟೂ ತಪ್ಪಾಗಿ ಕಾಣುತ್ತದೆ. ಐದಾರು ಮೀಟರು ಹಿಂದೆ ಹೋಗಿ ಝೂಮ್ ಮಾಡಿ ತೆಗೆದ ಚಿತ್ರವನ್ನಷ್ಟೇ ಸಿನಿಮಾದ ಚಿತ್ರದ ಪಕ್ಕ ಇಡಬೇಕು. ಬೆಳಗ್ಗೆ ಸೂರ್ಯ ಹುಟ್ಟಿದಾಗಿನಿಂದ ಎಂಟೂವರೆವರೆಗಿನ ಓರೆ ಬೆಳಕಿನಲ್ಲಿ ಬಿಳಿ ಕವಚದ ಏರುತಗ್ಗು ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಹತ್ತು ದಾಟಿದರೆ ಬಿಳಿಯೆಲ್ಲ ಒಂದೇ ಆಗಿ ಕಲಸಿಹೋಗುತ್ತದೆ.

ಹೆಲ್ಮೆಟ್ಟಿನೊಳಗೆ 40 ಮಿ.ಮೀ. ಅಳತೆಯ 5 ವೋಲ್ಟಿನ ಎರಡು ಫ್ಯಾನು: ಬಾಯಿಯ ಕಡೆಯದು ಗಾಳಿ ಒಳಗೆಳೆಯಬೇಕು, ನೆತ್ತಿಯ ಹಿಂದಿನದು ಹೊರಗೆ ತಳ್ಳಬೇಕು. ಎರಡೂ ಒಳಗೇ ಊದಿದರೆ ಬಿಸಿಗಾಳಿ ಸುತ್ತುತ್ತಾ ಇರುತ್ತದೆ. 5000 ಎಂಎಎಚ್ ಪವರ್ ಬ್ಯಾಂಕು ಧಾರಾಳ. ಆದರೆ ಕೆಲವು ಪವರ್ ಬ್ಯಾಂಕುಗಳು ಸಣ್ಣ ಫ್ಯಾನು ಎಳೆಯುವ ಅಲ್ಪ ವಿದ್ಯುತ್ತನ್ನು ಗುರುತಿಸದೆ ಅರ್ಧ ನಿಮಿಷಕ್ಕೆ ತಾವೇ ಆಫ್ ಆಗುತ್ತವೆ, ಮನೆಯಲ್ಲೇ ಒಂದು ಗಂಟೆ ಓಡಿಸಿ ನೋಡಿಕೊಳ್ಳಬೇಕು. ಮಂಗಳೂರಿನ ತೇವದಲ್ಲಿ ಮಸೂರ ಮಂಜಾಗುವುದು ದೊಡ್ಡ ತೊಂದರೆ. ಇಲ್ಲಿ ಹವೆ ಒಣ, ಮಂಜು ಕಡಿಮೆ, ಬೆವರು ಬೇಗ ಆರುತ್ತದೆ. ಹಾಗಾಗಿ ಕುತ್ತಿಗೆಗೆ ಒದ್ದೆ ಹತ್ತಿಬಟ್ಟೆ ಸುತ್ತಿಕೊಂಡರೆ ಫ್ಯಾನಿನ ಗಾಳಿ ನಿಜಕ್ಕೂ ತಂಪೆನಿಸುತ್ತದೆ. ಬೆವರು ಆರಿಹೋಗುವುದರಿಂದ ಎಷ್ಟು ನೀರು ಹೋಯಿತೆಂದು ಗೊತ್ತಾಗದೇ ಇರುವುದೇ ಇಲ್ಲಿನ ಅಪಾಯ. ಅರ್ಧ ಗಂಟೆಗೊಮ್ಮೆ ಹೆಲ್ಮೆಟ್ಟು ತೆಗೆದು ಓಆರ್‌ಎಸ್ ಕುಡಿಯಬೇಕು. ತಲೆ ಸುತ್ತು, ಮಾತು ತೊದಲುವುದು ಕಂಡರೆ ಚಿತ್ರೀಕರಣ ಅಲ್ಲಿಗೇ ನಿಲ್ಲಬೇಕು.

ತೊಟ್ಟವರಿಗೆ ತಮ್ಮ ಪಾದ ಕಾಣುವುದಿಲ್ಲ. ಬಂಡೆಯ ಮೇಲೆ ಕೈ ಹಿಡಿಯಲು ಒಬ್ಬರು ಇರಲೇಬೇಕು. ತೊಡೆಯ ತಟ್ಟೆಯ ಕೆಳ ಅಂಚು ಮಂಡಿಯ ಹಿಂದೆ ಕಚ್ಚುವುದು ಇಳಿಜಾರಿನಲ್ಲೇ ಗೊತ್ತಾಗುವುದು. ಅಂಚನ್ನು ಹಿಂಬದಿಯಲ್ಲಿ ಕೆಲವು ಮಿ.ಮೀ. ಕತ್ತರಿಸಿ 400ರ ಉಪ್ಪುಕಾಗದದಲ್ಲಿ ದುಂಡಗೆ ಮಾಡಿದರೆ ಮುಂದಿನಿಂದ ಏನೂ ಕಾಣುವುದಿಲ್ಲ. ಆಟಿಕೆ ಬಂದೂಕನ್ನು ಹಳ್ಳಿಯ ದಾರಿಯಲ್ಲಿ ಚೀಲದಿಂದ ಹೊರಗೆ ತೆಗೆಯಬಾರದು, ಸ್ಥಳೀಯ ಠಾಣೆಗೆ ಮೊದಲೇ ತಿಳಿಸಿರಬೇಕು. ದೇವಸ್ಥಾನದ ಆವರಣಕ್ಕೆ ಈ ವೇಷದಲ್ಲಿ ಹೋಗಬಾರದು. ಸಂರಕ್ಷಿತ ಸ್ಮಾರಕದಲ್ಲಿ ಅನುಮತಿಯಿಲ್ಲದೆ ಚಿತ್ರೀಕರಣ ಬೇಡ. “ಬಯಲಾಟದ ಸಾಮಾನೇನ್ರೀ ಇದು?” ಎಂದು ದನ ಹೊಡೆದುಕೊಂಡು ಹೋಗುವವರು ಕೇಳುವುದು ಸಹಜ. ಹೌದೆಂದರೂ ಸುಳ್ಳಾಗದು. ಭುಜಕೀರ್ತಿ ಕಟ್ಟುವವರಿಗೆ ಭಾರವನ್ನು ಹೆಗಲಿಗೆ, ಸೊಂಟಕ್ಕೆ ಹೇಗೆ ಹಂಚಬೇಕೆಂಬುದು ಚೆನ್ನಾಗಿ ಗೊತ್ತು.

ಕೊಪ್ಪಳದಿಂದ ಹತ್ತು ಹನ್ನೆರಡು ಕಿ.ಮೀ. ಹೋದರೆ ಕಿನ್ನಾಳ. ಇಲ್ಲಿನ ಚಿತ್ರಗಾರರ ಮರದ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಹೆಲ್ಮೆಟ್ಟು ಮಾಡುವವರು ಇಲ್ಲಿ ನೋಡಬೇಕಾದದ್ದು ಬಣ್ಣಕ್ಕಿಂತ ಮೊದಲಿನ ಕೆಲಸ. ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನ ಜೊತೆ ಕಲಸಿದ ‘ಕಿಟ್ಟ’ವನ್ನು ಮೈಯೆಲ್ಲ ಹಚ್ಚುತ್ತಾರೆ. ಅದರ ಮೇಲೆ ಹತ್ತಿಯ ಸಣ್ಣ ತುಂಡುಗಳು, ಅದರ ಮೇಲೆ ಕಲ್ಲಿನ ನುಣುಪು ಪುಡಿಯ ಲೇಪ, ಆಮೇಲೆ ಬಣ್ಣ. ಮೊದಲು ನಾರಿರುವ ಒರಟು ಪದರ, ಆಮೇಲೆ ನಯ ಪದರ. ಪ್ರಿಂಟ್ ಮಾಡಿದ ಹೆಲ್ಮೆಟ್ಟಿನ ಜೋಡಣೆಯ ಗೆರೆಯ ಮೇಲೆ ನೇರವಾಗಿ ನಯವಾದ ಪುಟ್ಟಿ ಬಳಿದರೆ ಕೆಲವು ತಿಂಗಳಿಗೆ ಅದೇ ಗೆರೆ ಮತ್ತೆ ಬಿರಿಯುತ್ತದೆ. ಪುಟ್ಟಿಗೆ ಎಳೆತ ತಡೆಯುವ ಶಕ್ತಿಯಿಲ್ಲ. ಒಳಗಿನಿಂದ ಗೆರೆಯುದ್ದಕ್ಕೂ 50 ಮಿ.ಮೀ. ಅಗಲದ ಫೈಬರ್ ಮ್ಯಾಟ್ ಪಟ್ಟಿ, ಹೊರಗೆ ನಾರು ಬೆರೆತ ಪೇಸ್ಟ್, ಮೇಲೆ ನಯ ಪುಟ್ಟಿ, ಆಮೇಲೆ ಪ್ರೈಮರ್ ಎಂಬ ಕ್ರಮ ಹಿಡಿದರೆ ಆ ತೊಂದರೆ ಇಲ್ಲ. ಒಂದೊಂದು ಪದರ ಪೂರ್ತಿ ಒಣಗುವವರೆಗೆ ಮುಂದಿನದನ್ನು ಮುಟ್ಟದ ಕಿನ್ನಾಳದ ಶಿಸ್ತು ಇಲ್ಲಿಗೂ ಸಲ್ಲುತ್ತದೆ.

ವಾಪಸ್ಸಿಗೆ ಕೊಪ್ಪಳದಲ್ಲೇ ಹಂಪಿ ಎಕ್ಸ್‌ಪ್ರೆಸ್ ಸಿಗುತ್ತದೆ. ಹತ್ತುವ ಮುನ್ನ ಒಳಗೆ ತೊಡುವ ಕಪ್ಪು ಬಟ್ಟೆಯನ್ನು ಬೇರೆ ಚೀಲಕ್ಕೆ ಹಾಕಬೇಕು. ಬೆವರಿನ ಉಪ್ಪು ಟಿಚ್ ಬಟನ್ನಿಗೆ ತುಕ್ಕು ಹಿಡಿಸುತ್ತದೆ. ಊರು ಮುಟ್ಟಿದ ಮೇಲೆ ಇಲಾಸ್ಟಿಕ್ಕನ್ನು ಒಂದೊಂದಾಗಿ ಎಳೆದು ನೋಡಿ, ಹಳೆಯ ಉದ್ದಕ್ಕೆ ಮರಳದವನ್ನು ಬದಲಿಸಿ. ಬಳ್ಳಾರಿಯಲ್ಲಿ ಹೊಲಿಸುವಾಗಲೇ ನಾಲ್ಕು ಜೊತೆ ಹೆಚ್ಚಿಗೆ ಮಾಡಿಸಿಟ್ಟುಕೊಂಡರೆ ಅದಕ್ಕಾಗಿ ಮತ್ತೆ ಅಲೆಯಬೇಕಿಲ್ಲ.